ಮಾತಾಡಬೇಕಿದ್ದ ಕರ್ನಲ್

ಕಮಲಾಪುರದ ಶಾಲೆಯ ಕಂಪ್ಯೂಟರುಗಳು ನಾನು ಕೆಲಸಕ್ಕೆ ಸೇರುವ ಹೊತ್ತಿಗೇ ಮುದಿಯಾಗಿದ್ದವು. ಯಾವುದೋ ಕಚೇರಿಯವರು ತಮಗೆ ಬೇಡವಾದವನ್ನು ದಾನ ಕೊಟ್ಟು, ಫೋಟೊ ತೆಗೆಸಿಕೊಂಡು ಹೋಗಿದ್ದರು. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಅನ್ನುತ್ತಾರೆ. ಇವುಗಳಿಗೆ ಎಣಿಸಲು ಹಲ್ಲೇ ಉಳಿದಿರಲಿಲ್ಲ. ಹೊಸ ಆಪರೇಟಿಂಗ್ ಸಿಸ್ಟಮ್ ಯಾವುದನ್ನು ಹಾಕಿದರೂ ಅರ್ಧ ದಾರಿಯಲ್ಲಿ ಏದುಸಿರು ಬಿಟ್ಟು ನಿಂತುಬಿಡುತ್ತಿದ್ದವು. ಹಾಗಾಗಿ ನಾನು ಲಿನಕ್ಸ್ ತಂದು, ಅದರ ಕರ್ನಲನ್ನು ನಾನೇ ಕಟ್ಟಿ ಹಾಕುವುದನ್ನು ಕಲಿತೆ.

ಕರ್ನಲ್ ಅಂದರೆ ಯಂತ್ರ ಎದ್ದಾಗ ಎಲ್ಲಕ್ಕಿಂತ ಮೊದಲು ಏಳುವ ಪ್ರೋಗ್ರಾಂ. ಕೀಬೋರ್ಡು, ಪರದೆ, ಸ್ಪೀಕರು ಎಲ್ಲವೂ ಅದರ ಮೂಲಕವೇ ಕೆಲಸ ಮಾಡಬೇಕು. ಅದನ್ನು ಕಟ್ಟುವ ಮೊದಲು ಅದು ಪ್ರಶ್ನೆಗಳನ್ನು ಕೇಳುತ್ತದೆ. ಈ ಭಾಗ ಬೇಕೋ, ಆ ಭಾಗ ಬೇಕೋ, ಹೀಗೆ ಸಾವಿರಾರು ಪ್ರಶ್ನೆ. ವೈ ಎಂದು ಒತ್ತಿದರೆ ಆ ಭಾಗ ಕರ್ನಲಿನ ಹೊಟ್ಟೆಯಲ್ಲೇ ಸೇರುತ್ತದೆ, ಎಮ್ ಅಂದರೆ ಹೊರಗಿದ್ದು ಕರೆದಾಗ ಬರುತ್ತದೆ, ಎನ್ ಅಂದರೆ ಬೇಡವೇ ಬೇಡ. ಬೇಡದ್ದನ್ನು ಬೇಡ ಎನ್ನುತ್ತ ಹೋದಂತೆ ಕರ್ನಲ್ ಹಗುರಾಗಿ ಹಳೆಯ ಯಂತ್ರಕ್ಕೂ ಸಲೀಸಾಗುತ್ತದೆ. ಈ ಕೆಲಸದಲ್ಲಿ ನನಗೆ ಸೊಕ್ಕಿತ್ತು ಎಂದರೂ ಸರಿಯೇ. ಕಲಬುರಗಿಯಿಂದ ಕಮಲಾಪುರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಒಬ್ಬ ಸಾಮಾನ್ಯ ಕಂಪ್ಯೂಟರ್ ಮಾಸ್ತರನಿಗೆ ಸೊಕ್ಕಿಗೆ ಬೇರೆ ಕಾರಣಗಳೂ ಇರಲಿಲ್ಲ.

ನನ್ನ ಕಣ್ಣಿನ ವಿಷಯವನ್ನೂ ಹೇಳಲೇಬೇಕು. ನಮ್ಮ ಮನೆತನದಲ್ಲಿ ಅಕ್ಕನ ಮಗಳನ್ನು ಹೊರಗೆ ಕೊಡುವುದಿಲ್ಲ. ನಮ್ಮಪ್ಪ ತನ್ನ ಅಕ್ಕನ ಮಗಳನ್ನು ಮಾಡಿಕೊಂಡಿದ್ದ, ನಾನು ನನ್ನ ಅಕ್ಕನ ಮಗಳನ್ನು. ಆಸ್ತಿ ಒಳಗೇ ಉಳಿಯುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಒಳಗೆ ಉಳಿದದ್ದು ಆಸ್ತಿಯಲ್ಲ, ರೋಗ. ಮೊದಲು ಸಂಜೆ ಬೆಳಕು ಸಾಲದಾಗುತ್ತದೆ, ಆಮೇಲೆ ಬದಿಗಳು ಕಾಣುವುದಿಲ್ಲ, ಕೊನೆಗೆ ನೋಟ ಒಂದು ಕೊಳವೆಯಷ್ಟಾಗಿ ಆರಿಹೋಗುತ್ತದೆ. ಅಕ್ಕನಿಗೆ ಅದು ಬೇಗ ಬಂತು. ಕಮಲಾಪುರಕ್ಕೆ ಸೊಸೆಯಾಗಿ ಹೋಗಿ, ಒಬ್ಬ ಮಗಳನ್ನು ಹಡೆದು, ಆ ಮಗಳು ಅಂಗನವಾಡಿಗೆ ಹೋಗುವ ಹೊತ್ತಿಗೆ ಆಕೆಗೆ ಏನೂ ಕಾಣುತ್ತಿರಲಿಲ್ಲ.

ಆ ಮಗಳೇ ನನ್ನ ಹೆಂಡತಿ. ಅವಳಿಗೆ ತಿಳಿವಳಿಕೆ ಬಂದಂದಿನಿಂದ ಅವಳ ಕೆಲಸ ತಾಯಿಗೆ ಕಣ್ಣಾಗುವುದು. ಅಕ್ಕಿಯಲ್ಲಿ ಹುಳ ಇದೆಯೇ, ಬಂದವರು ಯಾರು, ಬಾಳೆತೋಟದಿಂದ ಅಪ್ಪ ಬರುವ ದಾರಿಯಲ್ಲಿ ನೆರಳು ಕಾಣುತ್ತದೆಯೇ, ಮಾತ್ರೆ ಕೆಂಪೋ ಬಿಳಿಯೋ, ಎಲ್ಲವನ್ನೂ ನೋಡಿ ಹೇಳಬೇಕು. ಏಳನೆಯ ಇಯತ್ತೆ ಮುಗಿದ ಮೇಲೆ ಅವಳನ್ನು ಶಾಲೆ ಬಿಡಿಸಿದರು. ಯಾರೂ ಅದನ್ನು ದೊಡ್ಡ ಸುದ್ದಿ ಮಾಡಲಿಲ್ಲ. ಕುರುಡಿಯ ಮಗಳು ಇನ್ನೇನು ಮಾಡುತ್ತಾಳೆ ಎಂದುಕೊಂಡರು. ಮದುವೆಯಾದಾಗ ನನ್ನ ಕಣ್ಣು ಸಂಜೆಗಷ್ಟೇ ತಕರಾರು ಮಾಡುತ್ತಿತ್ತು. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಎಂದು ಅಕ್ಕನೇ ನಗುತ್ತ ಮಗಳನ್ನು ಕೊಟ್ಟಳು.

ನಮಗೂ ಒಬ್ಬಳೇ ಮಗಳು. ಅವಳ ಕಣ್ಣು ಸದ್ಯಕ್ಕೆ ನೆಟ್ಟಗಿವೆ, ವರ್ಷಕ್ಕೊಮ್ಮೆ ತೋರಿಸಿ ಎಂದು ಡಾಕ್ಟರು ಹೇಳಿದ್ದಾರೆ. ಆ 'ಸದ್ಯಕ್ಕೆ' ನಮ್ಮ ಮನೆಯಲ್ಲಿ ಒಬ್ಬ ನೆಂಟನ ಹಾಗೆ ಕೂತುಬಿಟ್ಟಿದೆ. ಹುಡುಗಿ ಜಾಣೆ, ಇಂಗ್ಲಿಷು ಪಟಪಟ ಓದುತ್ತಾಳೆ, ಒಂಬತ್ತನೆಯ ತರಗತಿಯಲ್ಲಿ ಎಲ್ಲರಿಗಿಂತ ಮುಂದೆ. ನನ್ನ ನೋಟ ಕೊಳವೆಯಷ್ಟಾದ ವರ್ಷ, ಅವಳು ತಾನಾಗಿಯೇ ಬಂದು ಪಕ್ಕದಲ್ಲಿ ಕೂತು ನನಗೆ ಕಾಣದ ಅಕ್ಷರ ಓದಿಕೊಡಲು ಶುರುಮಾಡಿದಳು. ಹೆಂಡತಿ ಅದನ್ನು ಬಾಗಿಲಲ್ಲಿ ನಿಂತು ನೋಡಿದ್ದಾಳೆ. ಹುಡುಗಿ ಎದ್ದು ಹೋದ ಮೇಲೆ ಒಳಗೆ ಬಂದು, ದನಿ ಏರಿಸದೆ ಹೇಳಿದಳು. ನಾನು ಗಂಡನಾದರೂ ಅವಳು ನನ್ನನ್ನು ಇವತ್ತಿಗೂ ಮಾಮಾ ಎಂದೇ ಕರೆಯುವುದು.

"ಮಾಮಾ, ನಿಮ್ಮ ಕಣ್ಣು ಹೋದ್ರ ಹೋಗಲಿ, ನಾ ಅದೀನಿ. ನನ್ನ ಮಗಳನ್ನ ಮಾತ್ರ ನಿಮ್ಮ ಬಾಜೂಕ್ ಕೂಡಸ್ಕೋಬ್ಯಾಡ್ರಿ. ಒಂದ್ ಸಲ ಕುಂತ್ರ ಏಳಾಕ ಬರಂಗಿಲ್ಲ ಅದು."

ಅಂದೇ ನಾನು ತೀರ್ಮಾನ ಮಾಡಿದ್ದು. ನನಗೆ ಓದಿ ಹೇಳುವುದು ಯಂತ್ರದ ಕೆಲಸವಾಗಬೇಕು, ಹುಡುಗಿಯದಲ್ಲ. ಫೋನು ಮಾತಾಡುತ್ತದೆ, ನಿಜ. ಆದರೆ ಫೋನಿನಲ್ಲಿ ಒಂದು ಲ್ಯಾಬ್ ನಡೆಸಲು ಬರುವುದಿಲ್ಲ. ನನ್ನ ಕೈಕೆಳಗಿನ ಮುದಿ ಯಂತ್ರಗಳು ಎದ್ದ ಗಳಿಗೆಯಿಂದಲೇ ಪರದೆಯ ಮೇಲಿನ ಪ್ರತಿ ಸಾಲನ್ನೂ ಬಾಯಿಬಿಟ್ಟು ಹೇಳಬೇಕು. ಅದಕ್ಕೆ ಬೇಕಾದ ಭಾಗ ಕರ್ನಲಿನಲ್ಲೇ ಇದೆ, ಬೇಕು ಎಂದು ಹೇಳಿ ಕಟ್ಟಿಕೊಳ್ಳಬೇಕಷ್ಟೆ. ಲ್ಯಾಬಿನದೇ ಒಂದು ಯಂತ್ರವನ್ನು ಮನೆಗೆ ತಂದೆ. ಅದರಲ್ಲಿ ಸ್ಪೀಕರು ಚುಚ್ಚುವ ತೂತು ಸುಟ್ಟುಹೋಗಿತ್ತು. ಹಾಗಾಗಿ ಯುಎಸ್‌ಬಿಗೆ ಚುಚ್ಚುವ ಒಂದು ಪುಟ್ಟ ಸ್ಪೀಕರು ಕೊಂಡು ತಂದು ಅದರಲ್ಲಿ ಅಭ್ಯಾಸ ಶುರುಮಾಡಿದೆ. ಮೂಗಿನಲ್ಲಿ ಮಾತಾಡುವ ಒಂದು ಇಂಗ್ಲಿಷ್ ದನಿ. ಮಗಳು ಅದನ್ನು ಅಣಕಿಸಿ ನಗುತ್ತಿದ್ದಳು. ಮೊದಲಿದ್ದ ಕರ್ನಲಿನಲ್ಲಿ ದನಿ ಬರುತ್ತಿತ್ತು, ಆದರೆ ಯಂತ್ರ ಅದರ ಭಾರಕ್ಕೆ ತಡವರಿಸಿ, ಸಾಲು ಸಾಲಿಗೂ ನುಂಗಿ ನುಂಗಿ ಹೇಳುತ್ತಿತ್ತು. ಹಗುರವಾದದ್ದನ್ನು ಹೊಸದಾಗಿ ಕಟ್ಟುವುದೇ ಉಳಿದ ಕೆಲಸ.

ಅಷ್ಟರಲ್ಲಿ ಸೊಲ್ಲಾಪುರದ ಆಸ್ಪತ್ರೆಯಿಂದ ಕಣ್ಣಿನ ಆಪರೇಶನ್ನಿಗೆ ಕರೆ ಬಂತು. ಪೊರೆ ಬೇರೆ ಬಂದಿತ್ತು, ಅದನ್ನು ತೆಗೆದರೆ ಉಳಿದಷ್ಟು ನೋಟ ಚೊಕ್ಕಟವಾಗಬಹುದು, ಆಗದೆಯೂ ಇರಬಹುದು ಎಂದು ಡಾಕ್ಟರು ಮೊದಲೇ ತಿಳಿಸಿದ್ದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟರು ಎಂದು ಅವರನ್ನು ಬೈಯಲಾರೆ. ಅವರಿಗೆ ಗೊತ್ತಿದ್ದದ್ದೇ ಅಷ್ಟು. ಪಟ್ಟಿ ಕಟ್ಟಿಕೊಂಡು ಮನೆಗೆ ಬರುವ ಹೊತ್ತಿಗೆ ಯಂತ್ರ ಮಾತಾಡಲು ಸಿದ್ಧವಾಗಿರಬೇಕು ಎಂದು ನಾನು ಅವಸರ ಮಾಡಿದೆ.

ಆ ಅವಸರದ ನಡುವೆಯೇ ಬಾಜೂ ಮನೆಯ ಮುದುಕಿ, ಓಣಿಯವರೆಲ್ಲ ಖಾಲಾ ಎಂದು ಕರೆಯುತ್ತಿದ್ದವರು, ತೀರಿಕೊಂಡರು. ನಾವಿರುವುದು ರೋಜಾ ದರ್ಗಾದ ಹಿಂದಿನ ಓಣಿಯಲ್ಲಿ, ಒಂದೇ ಗೋಡೆಯ ಈಚೆಗೆ ನಾವು, ಆಚೆಗೆ ಅವರು. ಓಣಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ, ಅದು ಯಾವ ಜಾತಿಯವರದೇ ಇರಲಿ, ಎಲ್ಲರೂ ಟಿ.ವಿ., ರೇಡಿಯೊ, ಸ್ಪೀಕರುಗಳ ವೈರು ಕಿತ್ತು ಸುತ್ತಿ ಮೇಲಿಡುತ್ತಾರೆ. ದನಿ ತಗ್ಗಿಸುವುದಲ್ಲ, ವೈರನ್ನೇ ಕೀಳುವುದು. ಮುಸ್ಲಿಮರಲ್ಲಿ ಮೂರನೆಯ ದಿನ ಸತ್ತವರಿಗಾಗಿ ಪ್ರಾರ್ಥಿಸುವ ಜಿಯಾರತ್ ಮುಗಿಯುವ ತನಕ ಮತ್ತೆ ಚುಚ್ಚುವಂತಿಲ್ಲ. ಸ್ನಾನ ಮಾಡಿಸಲು ಹೋಗಿದ್ದ ಹೆಂಗಸರ ಜೊತೆ ನೀರು ತುಂಬಿಕೊಟ್ಟು ಬಂದ ನನ್ನ ಹೆಂಡತಿ ಮೊದಲು ಮಾಡಿದ ಕೆಲಸವೇ ನನ್ನ ಯುಎಸ್‌ಬಿ ಸ್ಪೀಕರನ್ನು ಕಿತ್ತು ಕಪಾಟಿನ ಮೇಲೆ ಇಟ್ಟದ್ದು. ನಾನೂ ಬೇಡ ಎನ್ನಲಿಲ್ಲ. ಖಾಲಾ ನಮ್ಮ ಮಗಳನ್ನು ಎತ್ತಿ ಆಡಿಸಿದವರು. ಆಚೆ ಗೋಡೆಯಿಂದ ಅಳು ಬರುತ್ತಿರುವಾಗ ಈಚೆಯಿಂದ ಮೂಗಿನ ಇಂಗ್ಲಿಷು ಹೋಗಬಾರದು.

ಆ ಮೌನದ ದಿನಗಳಲ್ಲೇ ನಾನು ಕರ್ನಲಿನ ತಯಾರಿಗೆ ಕೂತೆ. ಪರದೆಗೆ ಮೂಗು ತಾಗಿಸಿ, ಅಕ್ಷರಗಳನ್ನು ಹೆಬ್ಬೆರಳಿನಷ್ಟು ದೊಡ್ಡದು ಮಾಡಿಕೊಂಡರೂ ಒಂದು ಸಲಕ್ಕೆ ಎರಡು ಮೂರು ಅಕ್ಷರ ಸಿಗುತ್ತಿದ್ದವು. ಸಾವಿರಾರು ಪ್ರಶ್ನೆಗಳಿಗೆ ಹಾಗೆ ಉತ್ತರ ಹೇಳುವುದು ಆಗದ ಮಾತು. ಅದಕ್ಕೆಂದೇ ಒಂದು ಅಡ್ಡದಾರಿ ಇದೆ. ಒಂದೇ ಆಜ್ಞೆ ಕೊಟ್ಟರೆ, ಆ ಗಳಿಗೆಯಲ್ಲಿ ಯಂತ್ರದಲ್ಲಿ ಯಾವ ಯಾವ ಭಾಗಗಳು ಬಳಕೆಯಲ್ಲಿವೆಯೋ ಅಷ್ಟನ್ನು ಮಾತ್ರ ಉಳಿಸಿ, ಬಾಕಿ ಎಲ್ಲಕ್ಕೂ ತಾನೇ 'ಬೇಡ' ಎಂದು ಬರೆದುಬಿಡುತ್ತದೆ. ನೂರು ಸಲ ಲ್ಯಾಬಿನಲ್ಲಿ ಮಾಡಿದ ಕೆಲಸ. ಮಾಡಿದೆ. ಮಾತಾಡುವ ಭಾಗಕ್ಕೆ ಮಾತ್ರ ನಾನೇ ಹೋಗಿ, ಮೂಗು ತಾಗಿಸಿ, ವೈ ಎಂದು ಒತ್ತಿ, ಒತ್ತಿದ್ದು ಸರಿಯಾಗಿದೆಯೇ ಎಂದು ಮತ್ತೆ ಮತ್ತೆ ನೋಡಿದೆ.

ಕಟ್ಟುವ ಕೆಲಸ ಅರ್ಧ ದಿನ ಹಿಡಿಯಿತು. ಡಿಸ್ಕು ಸಣ್ಣದು, ಎರಡು ಕರ್ನಲಿಗೆ ಜಾಗವಿಲ್ಲ, ಹಾಗಾಗಿ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದೆ. ಯಂತ್ರ ಚಿಗರೆಯ ಹಾಗೆ ಎದ್ದಿತು. ದನಿ ಪರೀಕ್ಷೆ ಮಾತ್ರ ಆಗಲಿಲ್ಲ, ಜಿಯಾರತ್ ಇನ್ನೂ ಆಗಿರಲಿಲ್ಲವಲ್ಲ. ಅದಕ್ಕೆ ಮೊದಲೇ ನಾವು ಸೊಲ್ಲಾಪುರದ ಗಾಡಿ ಹತ್ತಬೇಕಾಯಿತು.

ಪೊರೆ ಹೋಯಿತು. ಆದರೆ ಅದರ ಹಿಂದೆ ಉಳಿದದ್ದು ಏನೂ ಇರಲಿಲ್ಲ. ರೋಗ ಒಳಗಿನದನ್ನೆಲ್ಲ ಮೊದಲೇ ತಿಂದಿತ್ತು. ಪಟ್ಟಿ ಬಿಚ್ಚಿದಾಗ ಕಿಟಕಿ ಯಾವ ಕಡೆಗಿದೆ ಎಂದು ತಿಳಿಯಿತು, ಅಷ್ಟೇ. ಡಾಕ್ಟರು ಹೆಗಲ ಮೇಲೆ ಕೈ ಇಟ್ಟು ಏನೇನೋ ಹೇಳಿದರು. ನನಗೆ ಯಾರನ್ನಾದರೂ ಹೊಡೆಯಬೇಕು ಅನ್ನಿಸಿತು. ಹೊಡೆಯಬೇಕಾದವರೆಲ್ಲ ಎಂದೋ ಸತ್ತ ಹಿರಿಯರು.

ಮನೆಗೆ ಬಂದವನೇ ಸ್ಪೀಕರು ಕೊಡು ಎಂದೆ. ಹೆಂಡತಿ ಚುಚ್ಚಿದಳು. ಯಂತ್ರ ಶುರುಮಾಡಿದೆ. ಫ್ಯಾನು ತಿರುಗಿದ ಸದ್ದು, ಡಿಸ್ಕು ಕಟಕಟ ಎಂದ ಸದ್ದು. ಆಮೇಲೆ ಏನೂ ಇಲ್ಲ. ಕಾದೆ. ಕಿತ್ತು ಮತ್ತೆ ಚುಚ್ಚಿಸಿದೆ. ಪರದೆಯಲ್ಲಿ ಏನಾದರೂ ಬಂದಿದೆಯೇ ಎಂದು ಕೇಳಿದರೆ, ಬಿಳಿ ಅಕ್ಷರ ಬಂದು ನಿಂತಾವ ಎಂದಳು. ಅಂದರೆ ಯಂತ್ರ ಎದ್ದು, ಎಲ್ಲವನ್ನೂ ಹೇಳುತ್ತಿದೆ, ಬಾಯಿ ಮಾತ್ರ ಇಲ್ಲ. ಕುರ್ಚಿಯಲ್ಲಿ ಕೂತ ಹಾಗೇ ನನಗೆ ಹೊಳೆಯಿತು. ಬಳಕೆಯಲ್ಲಿದ್ದದ್ದನ್ನು ಮಾತ್ರ ಉಳಿಸು ಎಂದು ನಾನು ಆಜ್ಞೆ ಕೊಟ್ಟ ಗಳಿಗೆಯಲ್ಲಿ ಸ್ಪೀಕರು ಕಪಾಟಿನ ಮೇಲಿತ್ತು. ಕರ್ನಲ್ ನಾನು ಹೇಳಿದಷ್ಟನ್ನು ಮಾಡಿತ್ತು. ಇಂಥದ್ದೊಂದು ಈ ಮನೆಯಲ್ಲಿಲ್ಲ ಎಂದು ತಿಳಿದು ಅದನ್ನು ಆಡಿಸುವ ಭಾಗವನ್ನೇ ಬೇಡ ಅಂದಿತ್ತು. ಮಾತು ಇತ್ತು, ಅದು ಹೊರಬರುವ ದಾರಿ ಇರಲಿಲ್ಲ. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಎಂದು ನಗಲು ನೋಡಿದೆ. ನಗು ಬರಲಿಲ್ಲ, ಅಳು ಬಂತು.

ಕುರುಡನಾದರೂ ಬೆರಳಿಗೆ ಕೀಲಿಗಳು ಗೊತ್ತು. ಬಿಟ್ಟುಹೋದ ಭಾಗದ ಹೆಸರನ್ನು ನೇರವಾಗಿ ಸೇರಿಸುವ ಆಜ್ಞೆಯನ್ನು ಕುರುಡಾಗಿಯೇ ಟೈಪಿಸಿ, ಕಟ್ಟಲು ಹಚ್ಚಿ, ಅರ್ಧ ದಿನ ಕಾದು, ಯಂತ್ರ ಮತ್ತೆ ಎಬ್ಬಿಸಿದೆ. ಮೂಕ. ಇನ್ನೊಮ್ಮೆ ಮಾಡಿದೆ. ಮೂಕ. ಎಲ್ಲಿ ತಪ್ಪಿದೆ, ಟೈಪಿಸಿದ್ದು ತಪ್ಪೋ, ಬೇರೆ ಯಾವುದಾದರೂ ಭಾಗ ಬಿಟ್ಟುಹೋಗಿದೆಯೋ, ಯಂತ್ರ ಪರದೆಯ ಮೇಲೆ ಬರೆದು ತೋರಿಸುತ್ತಲೇ ಇತ್ತು. ಬಾವಿಯ ಕಟ್ಟೆಯ ಮೇಲೆ ಕೂತು ಬಾಯಾರಿದ ಹಾಗೆ ನಾನು ಅದರ ಮುಂದೆ ಕೂತಿದ್ದೆ.

ಅಂದು ಶಾಲೆಯಿಂದ ಬಂದ ಮಗಳು ಚೀಲ ಇಳಿಸಿ, ಕೇಳದೆಯೇ ಪಕ್ಕದಲ್ಲಿ ಕೂತಳು. ಪರದೆಯನ್ನು ಒಂದೇ ಉಸಿರಿನಲ್ಲಿ ಓದಿದಳು. ಡಿಸ್ಕಿನಲ್ಲಿ ಜಾಗ ಸಾಲದೆ ಕಟ್ಟುವ ಕೆಲಸ ನಡುವೆಯೇ ನಿಂತುಹೋಗಿತ್ತು. ಅದಕ್ಕೂ ಮೊದಲೇ ಸೇರಿಸಿದ ಭಾಗ ಇನ್ನೊಂದನ್ನು ಕೇಳಿ, ಅದು ಸಿಗದೆ ತಾನೂ ಬಿದ್ದುಹೋಗಿತ್ತು. ಒಂದು ನಿಮಿಷದಲ್ಲಿ ನನಗೆ ಎಲ್ಲ ತಿಳಿಯಿತು. ಎಷ್ಟು ಹಿತವಾಯಿತು ಅಂದರೆ, ಆ ಹಿತದ ಮೇಲೆಯೇ ನನಗೆ ಅಂಜಿಕೆ ಬಂತು. ಇವಳು ಪಕ್ಕದಲ್ಲಿದ್ದರೆ ನಾಳೆ ಸಂಜೆಯೊಳಗೆ ಯಂತ್ರ ಮಾತಾಡುತ್ತದೆ. ಅವಳಿಗೂ ಅದು ಗೊತ್ತಾಗಿತ್ತು. ನಾಳೆ ಶಾಲೆಗೆ ಹೋಗುವುದಿಲ್ಲ, ಅಪ್ಪನ ಕೆಲಸ ಮುಗಿಸಿಯೇ ಹೋಗುತ್ತೇನೆ ಎಂದು ಒಳಗೆ ಕೂಗಿ ಹೇಳಿದಳು. ದನಿಯಲ್ಲಿ ಖುಷಿಯಿತ್ತು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಬಂದು ಮಗಳ ರಟ್ಟೆ ಹಿಡಿದು ಎಬ್ಬಿಸಿದ್ದು ನನಗೆ ಕುರ್ಚಿಯ ಸದ್ದಿನಿಂದ ತಿಳಿಯಿತು.

"ಒಂದ್ ದಿನದ ಮಾತು ಅವ್ವಾ," ಎಂದಳು ಮಗಳು.

"ನಮ್ಮವ್ವನೂ ಹಂಗೇ ಅಂದಿದ್ಳು," ಎಂದಳು ಹೆಂಡತಿ. "ನೀ ಹೋಗಿ ಹೋಂವರ್ಕ್ ಮಾಡು. ನಾ ಓದತೀನಿ."

ಹಾಗೆ ಅವಳು ಕೂತಳು. ಕನ್ನಡ ಸಲೀಸಾಗಿ ಓದುವವಳು, ಇಂಗ್ಲಿಷಿನ ಅಕ್ಷರಗಳಷ್ಟೇ ಗೊತ್ತು. ಶಬ್ದವಾಗಿ ಓದಲು ಬರುವುದಿಲ್ಲ. ಅಕ್ಷರ ಅಕ್ಷರವಾಗಿ ಹೇಳುತ್ತಾಳೆ, ನಾನು ತಲೆಯಲ್ಲಿ ಜೋಡಿಸಿಕೊಳ್ಳುತ್ತೇನೆ. ಎಸ್, ಎನ್, ಡಿ, ಕೆಳಗ ಒಂದು ಗೆರಿ, ಯು, ಎಸ್, ಬಿ. ಈ ಸಲ ಅಡ್ಡದಾರಿ ಬೇಡ ಎಂದುಕೊಂಡೆ. ಯಾವ ಭಾಗ ಯಾವುದನ್ನು ನಂಬಿಕೊಂಡಿದೆ ಎಂಬುದು ನೆನಪಿನಿಂದ ಹೇಳುವಷ್ಟು ಸಣ್ಣದಲ್ಲ. ಹೀಗಾಗಿ ಡಿಸ್ಕನ್ನು ಗುಡಿಸಿ, ಎಲ್ಲಕ್ಕಿಂತ ಹಳೆಯ ವಿಧಾನ ಹಿಡಿದೆ. ಅದರಲ್ಲಿ ಕರ್ನಲ್ ಒಂದೊಂದೇ ಪ್ರಶ್ನೆಯನ್ನು ಒಂದೊಂದು ಸಾಲಿನಲ್ಲಿ ಕೇಳುತ್ತದೆ, ಒಂದಕ್ಕೆ ಉತ್ತರ ಕೊಟ್ಟ ಮೇಲೆಯೇ ಮುಂದಿನದು. ಓದುವವಳಿಗೆ ಪರದೆಯಲ್ಲಿ ಹುಡುಕುವ ಕಷ್ಟವಿಲ್ಲ.

ಮಗಳು ಶಾಲೆಗೆ ಹೋದ ಮೇಲೆ ಕೂತರೆ ಅವಳು ಬರುವ ತನಕ. ಮಧ್ಯೆ ಅಡುಗೆ, ನೀರು, ಬಟ್ಟೆ. ದಿನಗಳು ವಾರಗಳಾದವು. ಅವಳು ಹೇಳುವ ಅಕ್ಷರಗಳಲ್ಲಿ ಒಂದು ತಪ್ಪಿದರೆ ನನಗೆ ಎಲ್ಲ ತಪ್ಪುತ್ತಿತ್ತು, ಆಗ ನಾನು ರೇಗುತ್ತಿದ್ದೆ. ಅವಳು ಮತ್ತೆ ಮೊದಲಿನಿಂದ ಹೇಳುತ್ತಿದ್ದಳು. ಒಮ್ಮೊಮ್ಮೆ ಇದು ಏನಂತ ಕೇಳುತ್ತಿದ್ದಳು. ಹಡಗಿನವರ ರೇಡಿಯೊ ಅಂದರೆ, ಕಲಬುರಗಿಗೆ ಹಡಗ ಬಂದಾಗ ನೋಡೋಣ ಎನ್ನುತ್ತಿದ್ದಳು. ಬೇಡದ್ದನ್ನೆಲ್ಲ ಇಷ್ಟು ಯಾಕೆ ಇಟ್ಟಿದ್ದಾರೆ ಎಂದು ಕೇಳಿದ್ದಕ್ಕೆ, ಯಾರಿಗೋ ಬೇಕಾಗಿರುತ್ತದೆ ಎಂದೆ. ಕೆಲವು ದಿನ ನಾವು ನಕ್ಕದ್ದೂ ಉಂಟು. ಆದರೆ ಸಂಜೆಯ ಹೊತ್ತಿಗೆ ಅವಳ ದನಿ ಸವೆದು ಹೋಗಿರುತ್ತಿತ್ತು. ಕಣ್ಣಿಗೆ ತಣ್ಣೀರು ಹಾಕಿಕೊಳ್ಳುವ ಸದ್ದು ಬಚ್ಚಲಿನಿಂದ ಬರುತ್ತಿತ್ತು.

ನಡುವೆ ರಜೆ ಮುಂದುವರಿಸಲು ಕಮಲಾಪುರಕ್ಕೆ ಹೋಗಬೇಕಾಯಿತು. ಹೆಂಡತಿ ಕೈ ಹಿಡಿದು ಕರೆದುಕೊಂಡು ಹೋದಳು. ಶಾಲೆಯಲ್ಲಿ ಕೆಲಸ ಮುಗಿಸಿ ಅಕ್ಕನ ಮನೆಗೆ ಹೋದೆವು. ಹೆಂಡತಿ ಹಿತ್ತಲಿಗೆ ಹೋದಾಗ ಅಕ್ಕ ನನ್ನ ಮುಖ ತಡವಿ ನೋಡಿದಳು. ನಾನೀಗ ಅವಳ ಪಂಗಡಕ್ಕೆ ಸೇರಿದವನು, ಏನಾದರೂ ಸಮಾಧಾನ ಹೇಳುತ್ತಾಳೆ ಎಂದುಕೊಂಡೆ. ತನ್ನ ಮಗಳು ಏನು ಮಾಡುತ್ತಾಳೆ ಎಂದು ಕೇಳಿದಳು. ದಿನವಿಡೀ ಓದಿ ಹೇಳುತ್ತಾಳೆ ಎಂದೆ. ಅಕ್ಕ ಮುಖದಿಂದ ಕೈ ತೆಗೆದಳು.

"ಅಕೀ ಕಣ್ಣ ನಾ ಅರ್ಧ ತಿಂದೆ," ಎಂದಳು. "ಉಳದದ್ದು ನೀ ತಿನ್ನಾಕತ್ತಿ."

ಬಸ್ಸಿನಲ್ಲಿ ವಾಪಸು ಬರುವಾಗ ಆ ಮಾತನ್ನೇ ತಿರುವಿ ಹಾಕುತ್ತಿದ್ದೆ. ಹುಡುಗಿಯನ್ನು ಉಳಿಸಿದೆವು ಎಂದು ನಾನು ಒಳಗೊಳಗೆ ಬೀಗುತ್ತಿದ್ದೆ. ಯಾರಿಂದ ಕಿತ್ತು ಯಾರನ್ನು ಉಳಿಸಿದೆವು ಎಂಬ ಲೆಕ್ಕ ಅಕ್ಕನಿಗೆ ಸರಿಯಾಗಿ ಗೊತ್ತಿತ್ತು. ಪಕ್ಕದಲ್ಲಿ ಹೆಂಡತಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಕೆಲಸ ಮಾತ್ರ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಹುಡುಗಿ ಬಂದು ಕೂರುತ್ತಾಳೆ.

ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಒಂದು ಮುಂಜಾನೆ ಪ್ರಶ್ನೆಗಳು ಮುಗಿದವು. ಕಟ್ಟಲು ಹಚ್ಚಿ, ಪರದೆಯಲ್ಲಿ ಏನೂ ತಕರಾರಿಲ್ಲ ಎಂದು ಅವಳಿಂದ ಅಕ್ಷರ ಅಕ್ಷರವಾಗಿ ಖಾತ್ರಿ ಮಾಡಿಕೊಂಡು, ಮಧ್ಯಾಹ್ನದ ಊಟವಾದ ಮೇಲೆ ಯಂತ್ರ ಎಬ್ಬಿಸಿದೆ. ಫ್ಯಾನು ತಿರುಗಿತು. ಡಿಸ್ಕು ಕಟಕಟ ಎಂದಿತು. ಆಮೇಲೆ ಮೂಗಿನ ಇಂಗ್ಲಿಷಿನಲ್ಲಿ ಯಂತ್ರ ತನ್ನ ಹೆಸರು ಹೇಳಿತು. ಸಾಲು ಸಾಲಾಗಿ, ತಡವರಿಸದೆ, ತಾನು ಏನೇನು ಎಬ್ಬಿಸುತ್ತಿದ್ದೇನೆ ಎಂದು ಓದತೊಡಗಿತು. ಅವಳು ದಿನವೆಲ್ಲ ಕೂತು ಹೇಳುವಷ್ಟನ್ನು ಅದು ಒಂದು ಗುಟುಕಿನಲ್ಲಿ ಹೇಳಿ ಮುಗಿಸುತ್ತಿತ್ತು.

ನಾನು ಕೈ ಚಾಚಿ ಅವಳ ಕೈ ಹುಡುಕಿದೆ. ಇನ್ನು ನೀನು ಓದುವುದು ಬೇಕಿಲ್ಲ, ನಿನಗೆ ಬಿಡುಗಡೆ, ಮಗಳಿಗೂ ಬಿಡುಗಡೆ ಎಂದೆ. ಮಗಳು ಬರಲಿ, ಅವಳಿಗೆ ಕೇಳಿಸೋಣ ಎಂದೆ. ಇನ್ನು ನಿನ್ನ ಕಣ್ಣು ನಿನಗೆ, ಬೇಕಾದ್ದನ್ನು ನೋಡು ಎಂದೆ.

ಯಂತ್ರ ಓದುತ್ತಲೇ ಇತ್ತು.

"ಏನ್ ನೋಡ್ಲಿ ಮಾಮಾ," ಎಂದಳು. "ಸಣ್ಣಾಕಿ ಇದ್ದಾಗಿಂದ ನಾ ಏನ್ ನೋಡಿದ್ರೂ ಯಾರಿಗೋ ಹೇಳಾಕ ನೋಡೀನಿ. ನನಗಂತ ನೋಡೋದು ಹೆಂಗಂತ ಗೊತ್ತಿಲ್ಲ."

ಅವಳು ಎದ್ದು ಹೋಗುತ್ತಾಳೆಂದು ಕಿವಿಗೊಟ್ಟು ಕೂತೆ. ಕುರ್ಚಿ ಸರಿದ ಸದ್ದು ಬರಲಿಲ್ಲ. ಯಂತ್ರ ಮುಂದಿನ ಸಾಲು ಓದುವ ಮೊದಲೇ, ತಗ್ಗಿದ ದನಿಯಲ್ಲಿ, ಅವಳು ಅದರ ಅಕ್ಷರಗಳನ್ನು ಹೇಳತೊಡಗಿದಳು.